ಬಿಒಡಿ ಬಾಟಲಿ ಹಾಕಿಕೊಟ್ಟ ಪ್ರಾಜೆಕ್ಟ್ ಪ್ಲಾನ್

ಬಳ್ಳಾರಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮ್ಮ ನಾಲ್ವರ ಬ್ಯಾಚ್ ಆರಿಸಿಕೊಂಡಿದ್ದು ಜೀನ್ಸ್ ತೊಳೆದ ನೀರನ್ನು. ಊರಲ್ಲಿ ಜೀನ್ಸ್ ಹೊಲಿಯುವವರೂ ವಾಷಿಂಗ್ ಘಟಕಗಳೂ ಬೇಕಾದಷ್ಟು. ಆ ನೀಲಿ ನೀರಿಗೆ ಆಲಂ (ಪಟಿಕ) ಹಾಕಿದರೆ ಎಷ್ಟು ತಿಳಿಯಾಗುತ್ತದೆ ಅಂತ ನೋಡುವುದು ನಮ್ಮ ಪ್ರಾಜೆಕ್ಟ್.

ಜಾಸ್ತಿ ಬ್ಯಾಚ್‌ಗಳು ಚಾಪ್ಟರ್ ಲೆಕ್ಕದಲ್ಲಿ ಕೆಲಸ ಹಂಚಿಕೊಳ್ಳುತ್ತವೆ. ನೋಡೋಕೆ ಸಮಪಾಲು. ಆದರೆ ರಿಸಲ್ಟ್ ಚಾಪ್ಟರ್ ಸಿಕ್ಕವನು ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತಾನೆ, ಕೊನೇ ವಾರ ನಿದ್ದೆಗೆಡುತ್ತಾನೆ. ನಾವು ಮೊದಲು ಒಂದು ಹಾಳೆಯಲ್ಲಿ, ಅವಸರ ಮಾಡಿದರೂ ಬೇಗ ಆಗದ ಕೆಲಸಗಳನ್ನು ಬರೆದುಕೊಂಡೆವು.

ಅದರಲ್ಲಿ ದೊಡ್ಡದು ಬಿಒಡಿ. ನೀರಿನ ಕೊಳೆ ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ ಅದು. ನಮ್ಮ ದೇಶದ ಪದ್ಧತಿಯಲ್ಲಿ ಬಾಟಲಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡಬೇಕು. ನಾಲ್ವರಿದ್ದರೂ ನಲವತ್ತು ಜನ ಇದ್ದರೂ ಮೂರು ದಿನ ಮೂರೇ ದಿನ. ಗುರುವಾರ ಇಟ್ಟರೆ ಭಾನುವಾರ ತೆಗೆಯಬೇಕು, ಅವತ್ತು ಲ್ಯಾಬಿಗೆ ಬೀಗ. ಹಾಗಾಗಿ ಸ್ಯಾಂಪಲ್ ತರುವುದು ಸೋಮವಾರ, ತಪ್ಪಿದರೆ ಮಂಗಳವಾರ. ಅವತ್ತೇ ಬೆಳಗ್ಗೆ ಜಾರ್ ಟೆಸ್ಟ್ (ಒಂದೊಂದು ಜಾರಿಗೆ ಒಂದೊಂದು ಪ್ರಮಾಣದ ಆಲಂ ಹಾಕಿ ಕಲಕಿ ನೋಡುವುದು), ಮಧ್ಯಾಹ್ನ ಬಿಒಡಿ. ಸಿಒಡಿ ಅಂದರೆ ಸೂಕ್ಷ್ಮಜೀವಿಗಳ ಬದಲು ರಾಸಾಯನಿಕ ಹಾಕಿ ಕೊಳೆಗೆ ಬೇಕಾದ ಆಮ್ಲಜನಕ ಅಳೆಯುವುದು, ಅದಕ್ಕೆ ಅಷ್ಟು ಅವಸರವಿಲ್ಲ. ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೆ ನಡೆಯುತ್ತದೆ.

ಹೆಸರು ಬರೆದಿದ್ದು ಆಮೇಲೆ. ಸಿರುಗುಪ್ಪದಿಂದ ಬಸ್ಸಲ್ಲಿ ಓಡಾಡುವವನಿಗೆ ಸಂಜೆ ನಿಲ್ಲೋಕೆ ಆಗಲ್ಲ, ಅವನಿಗೆ ಜಾರ್ ಟೆಸ್ಟ್. ಊರಲ್ಲೇ ಮನೆ, ಬೈಕು ಇದ್ದವನಿಗೆ ಸ್ಯಾಂಪಲ್. ಸಂಡೂರಿನ ಹುಡುಗಿ ಹಾಸ್ಟೆಲಿನಲ್ಲಿದ್ದಳು. ಹನಿ ಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಟೈಟ್ರೇಷನ್‌ನಲ್ಲಿ ನೀಲಿ ಮಾಯವಾಗುವ ಹನಿ ಅವಳಿಗೆ ತಪ್ಪುತ್ತಲೇ ಇರಲಿಲ್ಲ, ಹಾಗಾಗಿ ಬಿಒಡಿ ಅವಳಿಗೆ. ಲೆಕ್ಕ, ಗ್ರಾಫ್ ನನಗೆ. ಗಂಟೆ ಲೆಕ್ಕ ಹಾಕಿದರೆ ಇದು ಸಮಪಾಲಲ್ಲ. ಸ್ಯಾಂಪಲ್‌ನವನಿಗೆ ಸಮಯ ಕಡಿಮೆ, ಆದರೆ ಕ್ಯಾನ್ ಹೊತ್ತು ಬರಬೇಕು, ಬಳ್ಳಾರಿ ಬಿಸಿಲು ಬೇರೆ. ಎಲ್ಲರೂ ಕೂತು ಒಪ್ಪಿದ್ದರಿಂದ ಗೊಣಗಾಟ ಬರಲಿಲ್ಲ.

ಒಂದೊಂದು ಕೆಲಸಕ್ಕೂ ಒಬ್ಬರ ಹೊಣೆ, ಜೊತೆಗೆ ಅದನ್ನು ಕಲಿತ ಇನ್ನೊಬ್ಬರು. ಸಂಡೂರಿನವಳು ಪ್ಲೇಸ್‌ಮೆಂಟ್ ಇಂಟರ್ವ್ಯೂಗೆ ಬೆಂಗಳೂರಿಗೆ ಹೋದಾಗ ಬಾಟಲಿಗಳು ಇನ್‌ಕ್ಯುಬೇಟರ್‌ನಲ್ಲೇ ಇದ್ದವು. ರೀಡಿಂಗ್ ತೆಗೆದಿದ್ದು ಸಿರುಗುಪ್ಪದವನು. "ಲೇ, ನೀನೂ ಹನಿ ಎಣಿಸೋದು ಕಲಿತಿಯಲ್ಲೋ" ಅಂತ ಅವನನ್ನು ರೇಗಿಸಿದ್ದೇ ರೇಗಿಸಿದ್ದು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದ ಪರೀಕ್ಷಕರು ಜಾರ್ ಟೆಸ್ಟ್ ಬಗ್ಗೆ ಕೇಳಿದ್ದು ನನ್ನನ್ನು! ಜೋಡಿ ಹಾಕಿಕೊಂಡಿದ್ದರಿಂದ ಬಾಯಿ ಕಟ್ಟಲಿಲ್ಲ.

ರಿಪೋರ್ಟ್ ಬರೆದಿದ್ದು ಬಾಟಲಿ ಕಾಯುವ ದಿನಗಳಲ್ಲೇ. ಹೊರಗಿನ ಹಳ್ಳ-ನದಿಗೆ ಬಿಡುವ ನೀರಿಗೆ ಲೀಟರಿಗೆ ಬಿಒಡಿ 30 ಮಿಲಿಗ್ರಾಂ, ಸಿಒಡಿ 250 ಮಿಲಿಗ್ರಾಂ ಮಿತಿ. ಆ ಅಂಕಿಗಳನ್ನು ಹಾಕಿ ಪಕ್ಕದ ಕಾಲಂ ಖಾಲಿ ಬಿಟ್ಟು ಟೇಬಲ್ ಮೊದಲೇ ಮಾಡಿಟ್ಟಿದ್ದೆವು, ರೀಡಿಂಗ್ ಬಂದ ಹಾಗೆ ತುಂಬುತ್ತಾ ಹೋದೆವು. ಫಾಂಟು, ಪುಟಸಂಖ್ಯೆ ಮಾತ್ರ ನಾಲ್ವರೂ ಮುಟ್ಟಬಾರದು ಅಂತ ಒಬ್ಬನಿಗೇ ಬಿಟ್ಟೆವು.