ಮೂರು ಹಿಂಗಾರಿ, ಒಂದು ಚಿಗರಿ ಹಿಂಡು

ಮೊದಲ ವರ್ಷ ನಾನು ಹೊಲಕ್ಕೆ ಹೋಗುವಷ್ಟರಲ್ಲಿ ಕಡಲೆಯ ಕುಡಿ ಮಾಯವಾಗಿರುತ್ತಿತ್ತು. ಚಿತ್ತಿ ಮಳೆ ಹಸಿಗೆ ಬಿತ್ತಿದ ಕಡಲೆ. ಬಿತ್ತಿ 25 ದಿನ ಆಗಿರಬೇಕು, ಗೇಣುದ್ದವೂ ಬೆಳೆದಿರಲಿಲ್ಲ. ಹಳ್ಳದ ಕಡೆಯ ಅರ್ಧ ಎಕರೆಯಲ್ಲಿ ಬರೀ ಕಡ್ಡಿ ನಿಂತಿತ್ತು. ಯಲಬುರ್ಗಾ ತಾಲ್ಲೂಕಿನಲ್ಲಿ ನಮ್ಮದು 6 ಎಕರೆ ಎರೆ ಹೊಲ. ಪಡುವಣಕ್ಕೆ ಹಳ್ಳ, ಹಳ್ಳದ ತುಂಬಾ ಬಳ್ಳಾರಿ ಜಾಲಿ. ಕಡಲೆ ಮೇಯುವ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಅಲ್ಲಿಂದಲೇ ಬರುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಅದೂ ಪೂರ್ತಿ ನಿಜವಲ್ಲ ಅಂತ ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಅಪ್ಪನಿಗೆ ಮೊಣಕಾಲು ನೋವು ಶುರುವಾದ ಮೇಲೆ ಹೊಲ ನನ್ನ ಕೈಗೆ ಬಂತು. ಆಗ ನನಗೆ ಗೊತ್ತಿದ್ದದ್ದು ಒಂದೇ, ಡಬ್ಬಿ ಬಡಿಯುತ್ತಾ ಓಡುವುದು. ನಾನು ಓಡಿದರೆ ಅವೂ ಓಡುತ್ತಿದ್ದವು. ಇನ್ನೂರು ಮೀಟರ್ ದೂರ ಹೋಗಿ ನಿಂತು ತಿರುಗಿ ನೋಡುತ್ತಿದ್ದವು. ನಾನು ಉಸಿರು ಬಿಡುತ್ತಾ ಕೂತರೆ ಇನ್ನೊಂದು ಮೂಲೆಯಿಂದ ಒಳಗೆ ಇಳಿಯುತ್ತಿದ್ದವು. ಆ ವರ್ಷ ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಮನೆಯವರೆಲ್ಲ ಬಂದು ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿದರು. ಹೊಲದ ಆ ಮೂಲೆ ನೋಡಿ ಅವ್ವ ಏನೂ ಮಾತಾಡಲಿಲ್ಲ. ನನಗೆ ಊಟ ಇಳಿಯಲಿಲ್ಲ.

ಸುತ್ತಮುತ್ತಲಿನವರು ಕೊಟ್ಟ ಸಲಹೆ ಒಂದೆರಡಲ್ಲ. ಒಬ್ಬರು ಉರುಲು ಹಾಕು ಅಂದರು. ಇನ್ನೊಬ್ಬರು ತಂತಿ ಎಳೆದು ರಾತ್ರಿ ಕರೆಂಟ್ ಬಿಡು ಅಂದರು. ಎರಡೂ ಬೇಡ ಎಂದೆ. ರಾತ್ರಿ ನೀರು ಹಾಯಿಸಲು ಹೋಗುವ ಮನುಷ್ಯನನ್ನೂ ಆ ತಂತಿ ಬಿಡುವುದಿಲ್ಲ. ಇನ್ನು ಕಾನೂನು ನೇರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ ಮೊದಲನೇ ಪಟ್ಟಿಯ ಪ್ರಾಣಿ. ಕೊಂದರೆ 3ರಿಂದ 7 ವರ್ಷ ಜೈಲು. ಬಲೆ, ಉರುಲು, ವಿಷ ಎಲ್ಲವೂ ಬೇಟೆಯ ಲೆಕ್ಕಕ್ಕೇ ಬರುತ್ತವೆ. ಬರೀ ಪ್ರಯತ್ನ ಮಾಡಿದರೂ ಅದು ಬೇಟೆಯೇ. ಕಾನೂನಿನ ಭಯ ಒಂದು ಕಡೆ ಇರಲಿ, ನನಗೆ ಅವನ್ನು ಕೊಲ್ಲುವ ಮನಸ್ಸಿರಲಿಲ್ಲ. ಕಡಲೆ ಉಳಿಯಬೇಕಿತ್ತು, ಅಷ್ಟೇ.

ದಾರಿ ತೋರಿಸಿದ್ದು ಹಳ್ಳದ ಆಚೆ ಕುರಿ ತರುಬುವ ಕಾಕಾ. ಅವರ ಅಪ್ಪನ ಕಾಲದಲ್ಲಿ ಬೇಟೆ ಇತ್ತು. ಕಾಯ್ದೆ ಬಂದ ಮೇಲೆ ಬಲೆ ಅಟ್ಟ ಸೇರಿತು, ಆಮೇಲೆ ಇಲಿ ಕಡಿದು ಹಾಳಾಯಿತಂತೆ. ಆದರೆ ಬೇಟೆಗಾರನ ತಿಳಿವಳಿಕೆ ಮಾತ್ರ ಕಾಕಾನಲ್ಲಿ ಹಾಗೇ ಉಳಿದಿತ್ತು. ನಾನು ಡಬ್ಬಿ ಬಡಿಯುವುದನ್ನು ಒಂದು ವಾರ ನೋಡಿ ಅವರೇ ಕರೆದು ಹೇಳಿದರು.

"ತಮ್ಮಾ, ನೀ ಓಡಿಸಾಕ ಹತ್ತಿದಿ, ನೋಡವಲ್ಲಿ. ಬ್ಯಾಟಿ ಆಡೋರು ಮೊದಲ ಕುಂದ್ರತಿದ್ರು. ಹದಿನೈದು ದಿನ ಸುಮ್ನ ಕುಂದ್ರು. ಆಮ್ಯಾಲೆ ಮಾತಾಡೋಣು."

ಎರಡನೇ ವರ್ಷ ನಾನು ಕೂತೆ.

ಮೊದಲ ಮೂರು ದಿನ ಏನೂ ಕಾಣಲಿಲ್ಲ. ಒಡ್ಡಿನ ಮೇಲೆ ಕೂತರೆ ದೂರದವರೆಗೆ ಕಾಣುತ್ತದೆ ಅಂದುಕೊಂಡಿದ್ದೆ. ನಾನು ನೋಡುವುದಕ್ಕೆ ಮುಂಚೆ ಅವೇ ನನ್ನನ್ನು ನೋಡಿ ದೂರ ಉಳಿಯುತ್ತಿದ್ದವು. ಒಡ್ಡಿನ ಮೇಲೆ ಕೂತವನ ಹಿಂದೆ ಬರೀ ಆಕಾಶ. ತಲೆ, ಭುಜ, ಎಲ್ಲ ಕಪ್ಪಾಗಿ ಎದ್ದು ಕಾಣುತ್ತದೆ. ಮೈಮೇಲೆ ಬಿಳಿ ಬನಿಯನ್ ಬೇರೆ. ಕಾಕಾ ನನ್ನನ್ನು ಒಡ್ಡಿನಿಂದ ಕೆಳಗಿಳಿಸಿ ಹಳೇ ಬಣವೆಗೆ ಬೆನ್ನು ಹಚ್ಚಿ ಕೂರಿಸಿದರು. ಮೈಮೇಲೆ ಕಂಬಳಿ. ಚಿಗರಿಗೆ ಮೂಗು, ಕಿವಿ ಎರಡೂ ಇವೆ, ಆದರೆ ಅದು ನಂಬುವುದು ಕಣ್ಣನ್ನು. ಬಯಲಿನಲ್ಲಿ ಬದುಕುವ ಪ್ರಾಣಿ ಅಲ್ವಾ? ಅಲುಗಾಡುವ ವಸ್ತು ಎಷ್ಟೇ ದೂರ ಇರಲಿ, ಹಿಡಿದುಬಿಡುತ್ತದೆ. ಅಲುಗಾಡದ ವಸ್ತುವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಲ್ಕನೇ ದಿನ ಮುಂಜಾನೆ ನನ್ನಿಂದ ಅರವತ್ತು ಹೆಜ್ಜೆ ದೂರದಲ್ಲಿ ಹನ್ನೊಂದು ಚಿಗರಿ ಹಾದುಹೋದವು. ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು.

ಇಲ್ಲಿ ಹೆಸರಿನ ಒಂದು ಮಾತು. ನಮ್ಮ ಕಡೆ ಚಿಗರಿ ಎನ್ನುವುದು ಕೃಷ್ಣಮೃಗಕ್ಕೆ. ಪೇಪರಿನಲ್ಲಿ ಜಿಂಕೆ ಎಂದು ಬರೆಯುತ್ತಾರೆ. ಕಾಡಿನ ಚುಕ್ಕೆ ಜಿಂಕೆ ಬೇರೆ, ಇದು ಬೇರೆ. ಚುಕ್ಕೆ ಜಿಂಕೆಯ ಕೊಂಬು ಕವಲೊಡೆಯುತ್ತದೆ, ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಚಿಗರಿಯ ಕೊಂಬು ತಿರುಚಿಕೊಂಡು ಬೆಳೆಯುತ್ತದೆ, ಉದುರುವುದಿಲ್ಲ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಹೊಸಬರು ಇದನ್ನು ಮೊದಲು ತಿಳಿದುಕೊಳ್ಳಬೇಕು, ಏಕೆಂದರೆ ಕಾಡಿನ ಜಿಂಕೆಯ ನಡವಳಿಕೆ ಓದಿಕೊಂಡು ಬಯಲಿನ ಚಿಗರಿ ಹತ್ತಿರ ಬಂದರೆ ಎಲ್ಲ ತಲೆಕೆಳಗು. ಚುಕ್ಕೆ ಜಿಂಕೆ ಹೆದರಿದರೆ ಮರೆಗೆ ಓಡುತ್ತದೆ. ಚಿಗರಿ ಹೆದರಿದರೆ ಬಯಲಿಗೆ ಓಡುತ್ತದೆ. ಅದಕ್ಕೆ ಮರೆ ಎಂದರೇ ಅಪಾಯ.

ಈ ಒಂದು ಮಾತು ಅರ್ಥವಾದ ಮೇಲೆ ಹಳ್ಳದ ಲೆಕ್ಕವೂ ಬದಲಾಯಿತು. ನಮ್ಮ ಹಿಂಡು ಜಾಲಿಯ ಒಳಗಿಂದ ಬರುತ್ತಿರಲಿಲ್ಲ. ಬಿಸಿಲು ಏರಿದಾಗ ಜಾಲಿಯ ಅಂಚಿನ ನೆರಳಿಗೆ ಹೋಗುತ್ತಿತ್ತು, ಅಷ್ಟೇ. ಮುಂಜಾನೆ ಬರುತ್ತಿದ್ದದ್ದು ತೆಂಕಣದ ಬೀಳು ಹೊಲದಿಂದ. ಅಲ್ಲಿ ಹುಲ್ಲು ಮೊಣಕಾಲಿಗಿಂತ ಕೆಳಗೆ, ನಾಲ್ಕೂ ಕಡೆ ಕಾಣುತ್ತದೆ. ರಾತ್ರಿ ಅಲ್ಲಿ ಮಲಗಿ, ನಸುಕಿನಲ್ಲಿ ಎದ್ದು, ನಮ್ಮ ಹೊಲದ ತೆಂಕಣ-ಪಡುವಣ ಮೂಲೆಯಲ್ಲಿ ಇಳಿದು, ಮೇಯುತ್ತಾ ಹಳ್ಳದ ಕಡೆ ಸಾಗುತ್ತಿದ್ದವು. ನಾನು ಒಂದು ವರ್ಷ ಪೂರ್ತಿ ತಪ್ಪು ಮೂಲೆ ಕಾದಿದ್ದೆ.

ಕಣ್ಣಿಗೆ ಕಂಡದ್ದು ಸರಿಯೇ ಎಂದು ನೋಡಲು ಹೆಜ್ಜೆ ನೋಡಿದೆ. ಎರೆ ಮಣ್ಣು ಹಸಿ ಇದ್ದಾಗ ಹೆಜ್ಜೆ ಅಚ್ಚು ಒತ್ತಿದ ಹಾಗೆ ಮೂಡುತ್ತದೆ. ಕುರಿಯ ಗೊರಸು ಮುಂದೆ ಮೊಂಡು. ಚಿಗರಿಯದು ಕಿರಿದು, ತುದಿ ಚೂಪು. ನಿಧಾನ ನಡೆದಾಗ ಎರಡು ಸೀಳು ಕೂಡಿರುತ್ತವೆ, ಜಿಗಿದಾಗ ಅಗಲವಾಗಿ ಬಿಚ್ಚಿಕೊಳ್ಳುತ್ತವೆ. ಎಲ್ಲಿ ಆರಾಮಾಗಿ ನಡೆದಿವೆ, ಎಲ್ಲಿ ಬೆದರಿವೆ ಎನ್ನುವುದು ನೆಲದಲ್ಲೇ ಬರೆದಿರುತ್ತದೆ. ಬೆದರಿದ ಹೆಜ್ಜೆ ಎಲ್ಲ ನಮ್ಮ ಕಾಲುದಾರಿಯ ಪಕ್ಕ. ಆರಾಮದ ಹೆಜ್ಜೆ ಎಲ್ಲ ಆ ಮೂಲೆಯಲ್ಲಿ.

ಹಿಂಡಿನ ಒಳಗೆ ಯಾರು ಏನು ಮಾಡುತ್ತಾರೆ ಎನ್ನುವುದು ನನಗೆ ಅತ್ಯಂತ ಇಷ್ಟವಾದ ಪಾಠ. ಎಲ್ಲವೂ ಒಟ್ಟಿಗೆ ತಲೆ ತಗ್ಗಿಸುವುದೇ ಇಲ್ಲ. ಒಂದು ಮೇಯ್ದರೆ ಇನ್ನೊಂದು ತಲೆ ಎತ್ತಿರುತ್ತದೆ. ನಮ್ಮ ಹಿಂಡಿನಲ್ಲಿ ಹೆಚ್ಚು ಸಲ ತಲೆ ಎತ್ತುತ್ತಿದ್ದದ್ದು ಒಂದು ಹೆಣ್ಣು, ಎಡಗಿವಿಯ ತುದಿ ಹರಿದಿತ್ತು. ಅದು ಅಂಚಿನಲ್ಲೇ ಇರುತ್ತಿತ್ತು. ಅನುಮಾನ ಬಂದರೆ ಮೊದಲು ಮೈ ಬಿಗಿಯುತ್ತಿತ್ತು, ಕಿವಿ ಎರಡೂ ಮುಂದಕ್ಕೆ. ಆಮೇಲೆ ಒಂದೆರಡು ಹೆಜ್ಜೆ. ಇನ್ನೂ ಅನುಮಾನ ಇದ್ದರೆ ನಿಂತಲ್ಲೇ ಮೇಲಕ್ಕೆ ಒಂದು ಜಿಗಿತ. ಅದು ಜಿಗಿದದ್ದೇ ತಡ, ಉಳಿದವೂ ಒಂದರ ಹಿಂದೆ ಒಂದು ಜಿಗಿಯುತ್ತಾ ಹೊರಡುತ್ತವೆ. ನಾಲ್ಕಾರು ಜಿಗಿತ ಆದ ಮೇಲೆ ಓಟ. ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಬಲ್ಲ ಕಾಲುಗಳು ಅವು. ಈ ಕಾಲುಗಳ ಹಿಂದೆ ಓಡಿ ನಾನು ಒಂದು ಹಂಗಾಮು ಕಳೆದಿದ್ದೆ. ಇಷ್ಟು ಓಟ ಯಾಕೆ ಬೇಕು ಎಂದು ಕಾಕಾನನ್ನು ಕೇಳಿದೆ. ಹಿಂದೆ ಈ ಬಯಲಲ್ಲಿ ಸಿವಂಗಿ ಇತ್ತಂತೆ ಎಂದರು. ಚೀತಾ. ನಮ್ಮ ದೇಶದಲ್ಲಿ ಅದು ಅಳಿಯಿತು ಎಂದು 1952ರಲ್ಲಿ ಸಾರಿದರು. ಬೆನ್ನಟ್ಟುವವನು ಹೋದ, ಓಟ ಉಳಿಯಿತು.

ತೋಳ ಮಾತ್ರ ಇನ್ನೂ ಇದೆ. ನಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮ ಮಾಡಿದ್ದಾರೆ. ಒಂದು ಸಲ ಸಂಜೆ ಒಂಟಿ ತೋಳ ಬೀಳು ಹೊಲದ ಆಚೆ ಹಾದುಹೋಯಿತು. ಚಿಗರಿಗಳು ಓಡಲಿಲ್ಲ. ಎಲ್ಲವೂ ಅದರ ಕಡೆ ಮುಖ ಮಾಡಿ ನಿಂತವು. ಅದು ಕಣ್ಮರೆಯಾಗುವವರೆಗೂ ಮುಖ ತಿರುಗಿಸುತ್ತಲೇ ಇದ್ದವು. ಅಪಾಯ ಎಲ್ಲಿದೆ ಎಂದು ಕಾಣುತ್ತಿದ್ದರೆ ಅವಕ್ಕೆ ಅರ್ಧ ಧೈರ್ಯ. ಕಾಣದಿದ್ದಾಗಲೇ ಓಟ.

ಹತ್ತಿರ ಹೋಗುವ ವಿದ್ಯೆಯನ್ನೂ ಕಾಕಾ ಕಲಿಸಿದರು. ನೇರ ನಡೆದರೆ ಚಿಗರಿ ನಿಲ್ಲುವುದಿಲ್ಲ. ಎಲ್ಲೋ ಬೇರೆ ಕಡೆ ಹೊರಟವನ ಹಾಗೆ ಓರೆಯಾಗಿ ನಡೆಯಬೇಕು, ಅದರ ಕಣ್ಣಲ್ಲಿ ಕಣ್ಣಿಡಬಾರದು, ನಡುವೆ ನಿಲ್ಲಬಾರದು. ನಡೆಯುತ್ತಿದ್ದವನು ನಿಂತನೆಂದರೆ ಅವು ಹೊರಟವು ಎಂದೇ ಅರ್ಥ. ಎತ್ತಿನ ಬಂಡಿಗೆ ಅವು ಅಷ್ಟು ಹೆದರುವುದಿಲ್ಲ. ಹಳೇ ಬೇಟೆಗಾರರು ಬಂಡಿಯಲ್ಲಿ ಕೂತು ಹೋಗುತ್ತಿದ್ದರು, ಇಲ್ಲವೇ ಎತ್ತಿನ ಮರೆಯಲ್ಲಿ ನಡೆಯುತ್ತಿದ್ದರು. ನಮ್ಮ ಎತ್ತುಗಳನ್ನು ಹೂಡಿ ನಾನೂ ನೋಡಿದೆ. ನಲವತ್ತು ಹೆಜ್ಜೆವರೆಗೆ ಬಿಟ್ಟವು. ಹರಿದ ಕಿವಿಯ ಹೆಣ್ಣು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಇಷ್ಟು ಹತ್ತಿರದಿಂದ ಅದರ ಕಣ್ಣಿನ ಸುತ್ತಲಿನ ಬಿಳಿ ಉಂಗುರ ಕಂಡಾಗ ಇದನ್ನು ಕೊಲ್ಲಲು ಬಂದವರ ಕೈ ಹೇಗೆ ಆಡುತ್ತಿತ್ತೋ ಅನ್ನಿಸಿತು.

ಗಂಡಿನ ಕಥೆ ಬೇರೆಯೇ. ಬೀಳು ಹೊಲದಲ್ಲಿ ಒಂದೇ ಜಾಗದಲ್ಲಿ ದಿನಾ ಹೊಸ ಹಿಕ್ಕೆ ಬೀಳುತ್ತಿತ್ತು, ರಾಶಿಯಾಗಿತ್ತು. ಅದು ಒಂದು ಕರಿ ಗಂಡಿನ ಠಾವು. ಕಣ್ಣಿನ ಮುಂದಿನ ಗ್ರಂಥಿಯನ್ನು ಹುಲ್ಲಿನ ಕಡ್ಡಿಗೆ ಉಜ್ಜಿ ವಾಸನೆ ಬಿಡುತ್ತದೆ. ಆ ರಾಶಿಯ ಮೇಲೆಯೇ ಮಲಗುತ್ತದೆ. ಹೆಣ್ಣುಗಳು ಬಂದರೆ ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಚೆಲ್ಲಿ, ಬಾಲ ಸುರುಳಿ ಮಾಡಿ ಸಣ್ಣ ಹೆಜ್ಜೆಯಲ್ಲಿ ಸುತ್ತುತ್ತದೆ. ಬೇರೆ ಗಂಡು ಬಂದರೆ ತಲೆ ತಗ್ಗಿಸಿ ಎದುರು ನಿಲ್ಲುತ್ತದೆ. ನನ್ನ ಕೆಲಸಕ್ಕೆ ಬೇಕಾದ ಸಂಗತಿ ಇಷ್ಟು: ಠಾವು ಹಿಡಿದ ಗಂಡು ಸುಲಭಕ್ಕೆ ಜಾಗ ಬಿಡುವುದಿಲ್ಲ. ಆ ಬೀಳನ್ನು ಉತ್ತುಬಿಟ್ಟರೆ ಹಿಂಡು ಹೋಗುತ್ತದೆ ಎಂದು ಒಬ್ಬರು ಹೇಳಿದ್ದರು. ನನಗೆ ಉಲ್ಟಾ ಅನ್ನಿಸಿತು. ಅಲ್ಲಿ ಮೇಯಲು ಹುಲ್ಲಿದೆ, ಮಲಗಲು ಜಾಗ ಇದೆ. ಅದನ್ನೂ ತೆಗೆದರೆ ಉಳಿಯುವುದು ನಮ್ಮ ಕಡಲೆ ಒಂದೇ. ಬೀಳಿನಲ್ಲಿ ನಮ್ಮ ಪಾಲು ಒಂದು ಎಕರೆ, ಅದನ್ನು ಹಾಗೇ ಬಿಟ್ಟೆ.

ಎರಡನೇ ವರ್ಷ ಹಳೇ ಸೀರೆಗಳನ್ನೂ ಕಟ್ಟಿ ನೋಡಿದೆ. ಒಂದು ವಾರ ಹೆದರಿದವು, ಆಮೇಲೆ ಸೀರೆಯ ಪಕ್ಕದಲ್ಲೇ ಮೇಯ್ದವು. ಬೆದರುಬೊಂಬೆಗೂ ಅದೇ ಗತಿ. ಎರಡು ಎಳೆ ತಂತಿಯನ್ನು ಎದೆಮಟ್ಟಕ್ಕೆ ಎಳೆದೆ. ಅಷ್ಟು ಎತ್ತರ ಜಿಗಿಯುವ ಪ್ರಾಣಿ ತಂತಿಯನ್ನು ಹಾರುತ್ತದೆ ಅಂದುಕೊಂಡರೆ, ತಲೆ ತಗ್ಗಿಸಿ ಕೆಳಗಿಂದ ನುಸುಳಿ ಬಂತು! ತಂತಿ ಬೇಲಿ ಹಾಕುವವರು ಕೆಳಗಿನ ಎಳೆಯನ್ನು ನೆಲದ ಹತ್ತಿರ ಎಳೆಯಬೇಕು. ನನ್ನ ದುಡ್ಡು ಮೇಲಿನ ಎಳೆಗೆ ಹೋಯಿತು.

ಮೂರನೇ ವರ್ಷ ಎಲ್ಲವನ್ನೂ ಕೂಡಿಸಿದೆ. ಚಿಗರಿಗೆ ಮರೆ ಎಂದರೆ ಭಯ ಎಂದಾದರೆ ಮರೆಯನ್ನೇ ಬೆಳೆಯಬೇಕು. ತೆಂಕಣ ಮತ್ತು ಪಡುವಣದ ಅಂಚಿಗೆ ಹೊರಗೆ ನಾಲ್ಕು ಸಾಲು ಕುಸುಬೆ, ಒಳಗೆ ನಾಲ್ಕು ಸಾಲು ಬಿಳಿಜೋಳ ಬಿತ್ತಿದೆ. ಕುಸುಬೆಯ ಮುಳ್ಳು ಕಾಲು, ಮೂತಿ ಚುಚ್ಚುತ್ತದೆ. ಜೋಳ ಆಳೆತ್ತರ ಬೆಳೆದು ಆಚೆ ಏನಿದೆ ಕಾಣದ ಹಾಗೆ ಮಾಡುತ್ತದೆ. ಕುಸುಬೆ ಸಾಲು ನಾನು ಕಂಡುಹಿಡಿದದ್ದೇನಲ್ಲ, ನಮ್ಮ ಹಿರಿಯರು ಹೊಲದ ಸುತ್ತ ಹಾಕುತ್ತಲೇ ಇದ್ದರು. ನಡುವೆ ನಾವು ಬಿಟ್ಟಿದ್ದೆವು. ಆದರೆ ಮುಳ್ಳು ಬಲಿಯಲು ಒಂದೂವರೆ, ಎರಡು ತಿಂಗಳು ಬೇಕು. ಅಷ್ಟು ದಿನ ಮನುಷ್ಯನೇ ಬೇಲಿ. ನಾಲ್ಕು ಮೂಲೆ ಓಡುವುದನ್ನು ಬಿಟ್ಟು ಆ ಒಂದೇ ಮೂಲೆಯಲ್ಲಿ, ನಸುಕಿಗೆ ಮುಂಚೆ ಹೋಗಿ ನಿಲ್ಲುತ್ತಿದ್ದೆ. ಕೂರುವುದಲ್ಲ, ಕಾಣುವ ಹಾಗೆ ಒಡ್ಡಿನ ಮೇಲೆ, ಬಿಳಿ ಬನಿಯನ್ ಹಾಕಿಕೊಂಡು. ಡಬ್ಬಿ ಬೇಕಾಗಲಿಲ್ಲ. ಹರಿದ ಕಿವಿಯದು ನನ್ನನ್ನು ದೂರದಿಂದಲೇ ನೋಡಿ ಕಿವಿ ಮುಂದೆ ಮಾಡುತ್ತಿತ್ತು, ಹಿಂಡು ಬೀಳಿನಲ್ಲೇ ಮೇಯುತ್ತಾ ಉಳಿಯುತ್ತಿತ್ತು. ಸಂಜೆಗೆ ತಮ್ಮ ಬಂದು ನಿಲ್ಲುತ್ತಿದ್ದ. ಒಂದೆರಡು ದಿನ ತಪ್ಪಿಸಿದೆವು, ಆ ದಿನ ಇಳಿದವು. ಕಡಲೆ ಪೂರ್ತಿ ಉಳಿಯಿತು ಎನ್ನಲಾರೆ. ಮೂಲೆಯಲ್ಲಿ ಐದಾರು ಗುಂಟೆ ಹೋಯಿತು.

ಕಡಲೆ ಕಿತ್ತು ರಾಶಿ ಮಾಡಿದ ಮೇಲೂ ಕುಸುಬೆ ನಿಂತಿತ್ತು. ಕುಸುಬೆಯನ್ನು ಬಿಸಿಲೇರುವ ಮುಂಚೆ ಕೀಳಬೇಕು, ಇಬ್ಬನಿಗೆ ಮುಳ್ಳು ಸ್ವಲ್ಪ ಮೆತ್ತಗಿರುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು ಮೂರನೇ ಸಾಲು ಕೀಳುವಾಗ ಕಾಲ ಹತ್ತಿರ ಮಣ್ಣಿನ ಬಣ್ಣದ ಏನೋ ಕಂಡಿತು. ಮರಿ. ಕುತ್ತಿಗೆ ನೆಲಕ್ಕೆ ಚಾಚಿ ಮಲಗಿತ್ತು. ಉಸಿರಾಡುವುದು ಬಿಟ್ಟರೆ ಚೂರೂ ಅಲುಗಾಡಲಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಮರಿಯನ್ನು ಹೀಗೇ ಬಚ್ಚಿಟ್ಟು ಮೇಯಲು ಹೋಗುತ್ತದೆ, ಹಾಲು ಕುಡಿಸಲು ಬರುತ್ತದೆ. ಒಂಟಿ ಮರಿ ಎಂದು ಜನ ಮನೆಗೆ ಎತ್ತಿಕೊಂಡು ಹೋಗುವುದು ಇಲ್ಲಿಂದಲೇ. ನಾನು ಮುಟ್ಟಲಿಲ್ಲ. ತಲೆ ಎತ್ತಿ ನೋಡಿದರೆ ಬೀಳಿನಲ್ಲಿ ಒಂದು ಹೆಣ್ಣು ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು.

"ಕಾಕಾ, ಇಲ್ಲಿ ಮರಿ ಐತಿ, ಕುರಿ ಈ ಕಡೆ ಬಿಡಬ್ಯಾಡ್ರಿ" ಎಂದು ಕೂಗಿ, ಕಿತ್ತಷ್ಟು ಕುಸುಬೆ ಹೊತ್ತುಕೊಂಡು ಮನೆಗೆ ಬಂದೆ. ಉಳಿದ ಸಾಲನ್ನು ನಾಲ್ಕು ದಿನ ಬಿಟ್ಟು ಕಿತ್ತೆವು.