ಕೈಯಲ್ಲಿ ಬ್ರೌಸರ್, ಟಿವಿಯಲ್ಲಿ ಸಿನಿಮಾ: ನಾನೇ ಮಾಡಿಕೊಂಡ ಹ್ಯಾಂಡ್‌ಹೆಲ್ಡ್

ಐದು ಇಂಚಿನ ಟಚ್ ಸ್ಕ್ರೀನ್, 2 ಜಿಬಿಯ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಎರಡು 18650 ಲಿಥಿಯಂ ಸೆಲ್. ಇಷ್ಟರಲ್ಲಿ ಮನೆಯೊಳಗೆ ಎಲ್ಲಿ ಕೂತರೂ ವೆಬ್ ನೋಡುವ, ಅಲ್ಲಿಂದಲೇ ಟಿವಿ ಮತ್ತು ಹಳೇ ಆಂಪ್ಲಿಫೈಯರ್ ಎರಡನ್ನೂ ಆಡಿಸುವ ಸಾಧನ ಮಾಡಿಕೊಂಡಿದ್ದೇನೆ. ವರ್ಷದ ಮೇಲಾಯಿತು, ದಿನಾ ಕೈಯಲ್ಲಿರುತ್ತದೆ. ಶುರು ಮಾಡಿದಾಗ ನಮ್ಮ ಗುಂಪಿನಲ್ಲಿ ಒಬ್ಬನೂ ನಂಬಲಿಲ್ಲ. "ಲೇ, ಪೈ ಮೇಲೆ ಬ್ರೌಸರ್ ತೆವಳುತ್ತೆ ಕಣೋ, ಸುಮ್ನೆ ಒಂದು ಟ್ಯಾಬ್ಲೆಟ್ ತಗೋ" ಅಂದವರೇ ಎಲ್ಲ. ಈಗ ಅವರಲ್ಲೇ ಇಬ್ಬರು ಪಾರ್ಟ್ಸ್ ಪಟ್ಟಿ ಕೇಳುತ್ತಿದ್ದಾರೆ. ಪಟ್ಟಿ ಕೊಟ್ಟರೆ ಸಾಲದು, ಎಲ್ಲಿ ಸುಟ್ಟುಕೊಳ್ಳುತ್ತಾರೆ ಅನ್ನೋದೂ ಗೊತ್ತಿರಬೇಕಲ್ವಾ.

ಇಂಥ ಆಸೆ ಹೊಸದೇನಲ್ಲ. 2005ರಲ್ಲೇ ನೋಕಿಯಾ 770 ಬಂದಿತ್ತು. ಸಿಮ್ ಇಲ್ಲ, ಕರೆ ಇಲ್ಲ. ವೈಫೈ, 800×480ರ ಸ್ಕ್ರೀನ್, 64 ಎಂಬಿ ರ‍್ಯಾಮ್, ಒಳಗೆ ಲಿನಕ್ಸ್. ಸೋಫಾ ಮೇಲೆ ಕೂತು ವೆಬ್ ನೋಡಲಿಕ್ಕೆಂದೇ ಮಾಡಿದ್ದು. ನನ್ನ ಸ್ಕ್ರೀನೂ 800×480ರದೇ. ರ‍್ಯಾಮ್ ಮಾತ್ರ ಮೂವತ್ತು ಪಟ್ಟು ಜಾಸ್ತಿ, ಆದರೂ ವೆಬ್‌ಪೇಜುಗಳು ಅದನ್ನೆಲ್ಲ ತಿಂದು ಕೂರುತ್ತವೆ.

ಎಲ್ಲರೂ ಪ್ರೊಸೆಸರ್ ಸಾಲದು ಅನ್ನುತ್ತಿದ್ದರು. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಕರೆಂಟು.

ಮೊದಲು ಹಾಕಿದ್ದು ಅಗ್ಗದ ಬೂಸ್ಟ್ ಮಾಡ್ಯೂಲ್, ಅಂದರೆ ಸೆಲ್ಲಿನ ವೋಲ್ಟೇಜನ್ನು ಪೈಗೆ ಬೇಕಾದಷ್ಟಕ್ಕೆ ಏರಿಸುವ ಬೋರ್ಡ್. ಮೇಲೆ ಎರಡು ಆಂಪಿಯರ್ ಅಂತ ಬರೆದಿರುತ್ತಾರೆ. 3.7 ವೋಲ್ಟಿನಿಂದ 5 ವೋಲ್ಟಿಗೆ ಏರಿಸುವಾಗ ಒಂದು ಆಂಪಿಯರ್ ದಾಟಿದರೆ ಕಾಯಿಲ್ ಮೇಲೆ ಬೆರಳಿಡಲು ಆಗುವುದಿಲ್ಲ. ಪೈ 4 ಸುಮ್ಮನೆ ಕೂತಾಗ 0.6 ಆಂಪಿಯರ್ ಆಸುಪಾಸು ಎಳೆಯುತ್ತದೆ. ಬ್ರೌಸರ್ ಒಂದು ಭಾರದ ಪೇಜ್ ತೆರೆದ ಕೂಡಲೇ 1.2ರ ಮೇಲೆ ಹೋಗುತ್ತದೆ. ಸ್ಕ್ರೀನಿನದು ಬೇರೆ ಮೂರ್ನಾಲ್ಕು ನೂರು ಮಿಲಿಆಂಪಿಯರ್. ಮಲ್ಟಿಮೀಟರನ್ನು ಮಿನ್-ಮ್ಯಾಕ್ಸ್‌ಗೆ ಹಾಕಿ, ಪ್ರೋಬನ್ನು ಜಿಪಿಐಒದ (ಪೈ ಅಂಚಿನ ಪಿನ್ ಸಾಲು) 5 ವೋಲ್ಟ್ ಪಿನ್ನಿಗೆ ಹಿಡಿದು ನೋಡಿದೆ. ಸುಮ್ಮನಿದ್ದಾಗ 5.0 ಚಿಲ್ಲರೆ. ನ್ಯೂಸ್ ಸೈಟ್ ಒಂದು ತೆರೆದೆ. 4.8, 4.7, ಆಮೇಲೆ 4.6ರ ಕೆಳಗೆ. ಸ್ಕ್ರೀನಿನ ಮೂಲೆಯಲ್ಲಿ ಹಳದಿ ಮಿಂಚು ಬಂತು. 4.63ರ ಕೆಳಗೆ ಇಳಿದರೆ ಪೈ ಆ ಗುರುತು ತೋರಿಸಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗುಂಪಿನವರು ಹೇಳುತ್ತಿದ್ದ "ತೆವಳುವ ಬ್ರೌಸರ್" ಇದೇ. ಗೆಟ್-ಥ್ರಾಟಲ್ಡ್ ಕಮಾಂಡ್ ಕೊಟ್ಟರೆ ಕೊನೆಗೆ 50005 ಅಂತ ಬರುತ್ತಿತ್ತು. ಅಂದರೆ ಈಗಲೂ ವೋಲ್ಟೇಜ್ ಕಮ್ಮಿ, ಹಿಂದೆಯೂ ಕಮ್ಮಿ ಆಗಿತ್ತು.

ಅರ್ಧ ತೊಂದರೆ ವೈರಿನದು. ಕೂದಲಿನಷ್ಟು ತೆಳು ವೈರ್, ಹೋಗಿ ಬರುವ ದಾರಿಯಲ್ಲಿ 0.2 ಓಮ್ ಇದ್ದರೂ ಒಂದೂವರೆ ಆಂಪಿಯರಿಗೆ 0.3 ವೋಲ್ಟ್ ಅಲ್ಲೇ ಮಾಯ. ದಪ್ಪ ಸಿಲಿಕಾನ್ ವೈರ್ ತಂದು, ಗೇಣಿಗಿಂತ ಕಮ್ಮಿ ಉದ್ದ ಇಟ್ಟು, ಪಿನ್ 2 ಮತ್ತು 4ಕ್ಕೆ ಪ್ಲಸ್, 6ಕ್ಕೆ ಗ್ರೌಂಡ್ ಅಂತ ನೇರ ಸಾಲ್ಡರ್ ಮಾಡಿದೆ. ಹೀಗೆ ಜಿಪಿಐಒ ಮೂಲಕ ಕೊಟ್ಟರೆ ಫ್ಯೂಸ್ ರಕ್ಷಣೆ ಇರುವುದಿಲ್ಲ, ಆದ್ದರಿಂದ 3 ಆಂಪಿಯರ್ ಫ್ಯೂಸ್ ನೀವೇ ಹಾಕಿ. ಬೂಸ್ಟ್ ಬೋರ್ಡನ್ನೂ ಬದಲಿಸಿದೆ. ನಿಜವಾಗಿ 3 ಆಂಪಿಯರ್ ಕೊಡುವಂಥದು, ಬೆಲೆ ಹಳೆಯದರ ಐದಾರು ಪಟ್ಟು. ಔಟ್‌ಪುಟ್ ಸುಮಾರು 5.15ಕ್ಕೆ ಇಟ್ಟಿದ್ದೇನೆ. ಆವತ್ತಿನಿಂದ ಮಿಂಚು ಕಂಡಿಲ್ಲ. ಅದೇ ಪ್ರೊಸೆಸರ್, ಅದೇ ಬ್ರೌಸರ್, ಪೇಜುಗಳು ಮಾತ್ರ ಸರಾಗ.

ನಡುವೆ ಪವರ್‌ಬ್ಯಾಂಕಿನ ಬೋರ್ಡ್ ಬಿಚ್ಚಿ ಹಾಕಿಯೂ ನೋಡಿದ್ದುಂಟು. ಚಾರ್ಜರ್ ಚುಚ್ಚಿದ ಕ್ಷಣ ಔಟ್‌ಪುಟ್ ಒಮ್ಮೆ ಬಿದ್ದು ಏಳುತ್ತದೆ. ಫೋನಿಗೆ ಅದು ಗೊತ್ತೇ ಆಗುವುದಿಲ್ಲ, ಪೈ ಸತ್ತು ಹುಟ್ಟುತ್ತದೆ. ಹಾಗೆ ಸತ್ತು ಹುಟ್ಟಿ ಎರಡು ಎಸ್‌ಡಿ ಕಾರ್ಡ್ ಕೆಟ್ಟವು. ಟಿಪಿ4056 ಚಾರ್ಜಿಂಗ್ ಬೋರ್ಡಿಗೆ ಸೆಲ್ ಮತ್ತು ಲೋಡ್ ಎರಡನ್ನೂ ಒಂದೇ ಕಡೆ ಕಟ್ಟುವವರು ಬಹಳ. ಹರಿಯುವ ಕರೆಂಟು ನಿಗದಿ ಮಾಡಿದ ಚಾರ್ಜ್ ಕರೆಂಟಿನ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಚಾರ್ಜ್ ನಿಲ್ಲಿಸುವ ಚಿಪ್ ಅದು. ಈ ಕಡೆ ಪೈ ಎಳೆಯುತ್ತಲೇ ಇದ್ದರೆ ಕರೆಂಟು ಅಷ್ಟಕ್ಕೆ ಇಳಿಯುವುದೇ ಇಲ್ಲ, ಸೆಲ್ 4.2ರಲ್ಲಿ ನೇತಾಡುತ್ತಿರುತ್ತದೆ. ಬೇಡ. ಲೋಡ್ ಶೇರಿಂಗ್ ಇರುವ, ಅಂದರೆ ಚಾರ್ಜ್ ಆಗುವಾಗ ಪೈಗೆ ಚಾರ್ಜರಿನಿಂದಲೇ ನೇರ ಕರೆಂಟು ಕೊಡುವ ಬೋರ್ಡೇ ತಗೊಳ್ಳಿ. ಎರಡು ಸೆಲ್ ಪ್ಯಾರಲಲ್ ಮಾಡುವ ಮೊದಲು ಎರಡರ ವೋಲ್ಟೇಜನ್ನೂ ಸಮ ಮಾಡಿಕೊಳ್ಳೋದು ನಿಮಗೆ ಗೊತ್ತೇ ಇದೆ.

ಎರಡು ಸೆಲ್, ತಲಾ 3000 ಮಿಲಿಆಂಪಿಯರ್ ಅವರ್ ಅಂದರೆ ಸುಮಾರು 22 ವಾಟ್ ಅವರ್. ಬೂಸ್ಟಿನಲ್ಲಿ ಕಳೆದು ಕೈಗೆ ಸಿಗುವುದು 19. ಓದುವ ಕೆಲಸಕ್ಕೆ ಐದೂವರೆ ವಾಟ್ ಹಿಡಿದರೆ ಮೂರೂವರೆ ಗಂಟೆ. ನನಗೆ ಸಿಗುತ್ತಿರುವುದೂ ಹೆಚ್ಚುಕಮ್ಮಿ ಅಷ್ಟೇ. ಪೈಗೆ ನಿದ್ದೆ ಬರುವುದಿಲ್ಲ, ಲ್ಯಾಪ್‌ಟಾಪಿನ ಸಸ್ಪೆಂಡ್ ಇದರಲ್ಲಿ ಇಲ್ಲ. ಕೆಳಗಿಟ್ಟಾಗ ಬ್ಯಾಕ್‌ಲೈಟ್ ಆರಿಸಿ, ಪ್ರೊಸೆಸರನ್ನು 600 ಮೆಗಾಹರ್ಟ್ಸ್‌ಗೆ ಕಟ್ಟಿಹಾಕುತ್ತೇನೆ. ಕೈಗೆತ್ತಿಕೊಂಡ ಕೂಡಲೇ ಅದು ಎಚ್ಚರವಾಗುವಂತೆ ಮಾಡಿದ್ದೇನೆ. ಹೇಗೆ ಅಂತ ಕೇಳಬೇಡಿ, ಅದೊಂದು ನನ್ನ ಹತ್ತಿರವೇ ಇರಲಿ.

ಇನ್ನು ದಪ್ಪ. ಪೈ 4ರ ಯುಎಸ್‌ಬಿ ಮತ್ತು ಈಥರ್ನೆಟ್ ಡಬ್ಬಿಗಳು ಎದ್ದು ನಿಂತಿರುತ್ತವೆ. ಹಾಗೇ ಬಿಟ್ಟರೆ ಕೈಯಲ್ಲಿ ಇಟ್ಟಿಗೆ ಹಿಡಿದ ಹಾಗೆ. ಹಾಟ್ ಏರ್ ಹಾಕಿ ಬಿಚ್ಚಲು ಹೋದಾಗ ಮೊದಲನೇ ಬೋರ್ಡಿನ ಪ್ಯಾಡುಗಳೇ ಎದ್ದುಬಂದವು, ಬೋರ್ಡ್ ಹೋಯಿತು. ಇಡೀ ಯೋಜನೆಯಲ್ಲಿ ಅತಿ ದುಬಾರಿ ಅರ್ಧ ಗಂಟೆ ಅದು. ಎರಡನೇ ಬೋರ್ಡಿಗೆ ಗಾಳಿ ಮುಟ್ಟಿಸಲಿಲ್ಲ. ಡಬ್ಬಿಯ ತಗಡನ್ನು ಕಟ್ಟರಿನಲ್ಲಿ ಚೂರುಚೂರಾಗಿ ಕತ್ತರಿಸಿ, ಕಾಲುಗಳನ್ನು ಒಂದೊಂದಾಗಿ ಐರನ್ನಿನಿಂದ ಎಳೆದೆ. ಒಂದು ಸಂಜೆ ಪೂರ್ತಿ ಹಿಡಿಯಿತು, ಆದರೆ ಒಂದು ಪ್ಯಾಡೂ ಏಳಲಿಲ್ಲ.

ಬಿಸಿಯ ಕತೆ ಬೇರೆ. ಪ್ಲಾಸ್ಟಿಕ್ ಕೇಸಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ 80 ಡಿಗ್ರಿ ತಲುಪಿ ವೇಗ ಇಳಿಯುತ್ತಿತ್ತು. ಫ್ಯಾನ್ ನನಗೆ ಬೇಡ, ರಾತ್ರಿ ಸದ್ದು. ಹಿಂಬದಿಗೆ ಪೂರ್ತಿ ಅಲ್ಯೂಮಿನಿಯಂ ತಗಡು ಕೂರಿಸಿ ನಡುವೆ ಥರ್ಮಲ್ ಪ್ಯಾಡ್ ಇಟ್ಟೆ. ಬಿಸಿ ಅರವತ್ತರ ಆಸುಪಾಸಿಗೆ ಬಂತು, ವೈಫೈ ಹೋಯಿತು! ಪೈ 4ರ ಆಂಟೆನಾ ಬೋರ್ಡಿನ ಮೇಲೇ ಇದೆ, ಜಿಪಿಐಒ ಮೊದಲ ಪಿನ್ನಿನ ಪಕ್ಕದ ಮೂಲೆಯಲ್ಲಿ. ತಗಡು ಅದನ್ನು ಮುಚ್ಚಿತ್ತು. ಆ ಮೂಲೆಯಷ್ಟು ಕತ್ತರಿಸಿ ತೆಗೆದು ಪ್ಲಾಸ್ಟಿಕ್ ತುಂಡು ಹಾಕಿದ ಮೇಲೆ ಎರಡೂ ಸರಿಹೋದವು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ತುಂಡಾಗುತ್ತಿದ್ದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ವೈಫೈ, ಬ್ಲೂಟೂತ್ ಎರಡೂ ಒಂದೇ ಚಿಪ್ಪಿನಲ್ಲಿರುವುದರಿಂದ 2.4ರಲ್ಲಿ ಒಂದಕ್ಕೊಂದು ತಳ್ಳಾಡುತ್ತವೆ.

ಸಾಫ್ಟ್‌ವೇರಿನಲ್ಲಿ ಜಾಸ್ತಿ ಹೇಳುವುದೇನಿಲ್ಲ. ಫೈರ್‌ಫಾಕ್ಸ್, ಅದರಲ್ಲಿ ಯುಬ್ಲಾಕ್ ಒರಿಜಿನ್. ಜಾಹೀರಾತು ನಿಂತರೆ ಅರ್ಧ ಭಾರ ಇಳಿದ ಹಾಗೆ. ಝೆಡ್‌ರ‍್ಯಾಮ್ (ಮೆಮೊರಿಯಲ್ಲಿರುವುದನ್ನು ಒತ್ತಿ ಜಾಗ ಉಳಿಸುವ ಸೌಲಭ್ಯ) ಆನ್ ಮಾಡಿದರೆ 2 ಜಿಬಿಯಲ್ಲಿ ಏಳೆಂಟು ಟ್ಯಾಬ್ ಆರಾಮಾಗಿ ನಿಲ್ಲುತ್ತವೆ. ಅಕ್ಷರ ದೊಡ್ಡದು ಮಾಡಿ ರೀಡರ್ ಮೋಡ್ ಹಾಕಿದರೆ ಐದಿಂಚು ಸಾಕು. ಎಸ್‌ಡಿ ಕಾರ್ಡ್ ಎರಡು ಹೋದ ಮೇಲೆ ಓವರ್‌ಲೇ ಫೈಲ್‌ಸಿಸ್ಟಂ ಆನ್ ಮಾಡಿಬಿಟ್ಟೆ. ಈಗ ಬರೆಯುವುದೆಲ್ಲ ರ‍್ಯಾಮಿಗೆ ಹೋಗುತ್ತದೆ, ಕಾರ್ಡ್ ಬರೀ ಓದಲಿಕ್ಕೆ. ಸ್ವಿಚ್ ಕಿತ್ತರೂ ಏನೂ ಆಗುವುದಿಲ್ಲ.

ಇದು ಕೊನೆಗೂ ಕೆಲಸಕ್ಕೆ ಬಂದದ್ದು ವಿಡಿಯೋವನ್ನು ಕೈಯಲ್ಲಿ ಓಡಿಸುವುದು ಬಿಟ್ಟಮೇಲೆ. ಪೈ 4ಕ್ಕೆ ಎಚ್.264 ಬಗೆಯ ವಿಡಿಯೋ ಬಿಚ್ಚುವುದು ಹಾರ್ಡ್‌ವೇರಿನಲ್ಲೇ ಬರುತ್ತದೆ. ಯೂಟ್ಯೂಬ್ ಸಾಮಾನ್ಯವಾಗಿ ಕೊಡುವ ವಿಪಿ9 ಬರುವುದಿಲ್ಲ, ನಾಲ್ಕೂ ಕೋರ್ ಬೆವರುತ್ತವೆ, ಬ್ಯಾಟರಿ ಎರಡು ಗಂಟೆಯೊಳಗೆ ಖಾಲಿ. ಎಚ್.264ನ್ನೇ ಕೇಳುವ ಎಕ್ಸ್‌ಟೆನ್ಷನ್ ಹಾಕಿ 480ಕ್ಕೆ ಇಳಿಸಿದರೆ ಓಡುತ್ತದೆ, ಹೇಗೂ ಸ್ಕ್ರೀನೇ 480 ಸಾಲಿನದು. ಆದರೆ ಪಕ್ಕದಲ್ಲೇ ದೊಡ್ಡ ಟಿವಿ ಇರುವಾಗ ಐದಿಂಚಿನಲ್ಲಿ ಸಿನಿಮಾ ಯಾಕೆ ನೋಡಬೇಕು?

ಟಿವಿಗೆ ಇನ್ನೊಂದು ಹಳೇ ಪೈ ಸಿಕ್ಕಿಸಿ ಕೋಡಿ ಅನ್ನುವ ಮೀಡಿಯಾ ಪ್ಲೇಯರ್ ಹಾಕಿದ್ದೆ. ಮೊದಲನೇ ಎಕ್ಸ್‌ಬಾಕ್ಸಿಗೆ ಹುಟ್ಟಿದ ಎಕ್ಸ್‌ಬಿಎಂಸಿಯೇ 2014ರಲ್ಲಿ ಕೋಡಿ ಆಗಿದ್ದು, ನಿಮಗೆ ಗೊತ್ತಿರುತ್ತದೆ. ಅದಕ್ಕೆ ನೆಟ್‌ವರ್ಕ್ ಮೂಲಕ ಅಪ್ಪಣೆ ಕೊಡಬಹುದು. ಸೆಟ್ಟಿಂಗ್ಸಿನಲ್ಲಿ ಎಚ್‌ಟಿಟಿಪಿ ರಿಮೋಟ್ ಕಂಟ್ರೋಲ್ ಆನ್ ಮಾಡಿ, ಪಾಸ್‌ವರ್ಡ್ ಇಟ್ಟು, 8080 ಪೋರ್ಟಿಗೆ ಪ್ಲೇಯರ್-ಓಪನ್ ಅನ್ನುವ ಜೇಸನ್ ಸಂದೇಶ ಕಳಿಸಿದರೆ ಆಯಿತು. ಬ್ರೌಸರಿಗೆ ಪುಟ್ಟ ಎಕ್ಸ್‌ಟೆನ್ಷನ್ ಬರೆದುಕೊಂಡೆ, ನಲವತ್ತೈವತ್ತು ಸಾಲು ಇರಬಹುದು. ಲಿಂಕ್ ಮೇಲೆ ಬೆರಳು ಒತ್ತಿ ಹಿಡಿದರೆ ಮೆನುವಿನಲ್ಲಿ "ಟಿವಿಗೆ ಕಳಿಸು" ಬರುತ್ತದೆ. ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಎದುರಿಗೆ ಶುರು. ಕೈಯಲ್ಲಿರುವ ಸ್ಕ್ರೀನಿನಲ್ಲಿ ನಿಲ್ಲಿಸು, ಮುಂದೆ, ಹಿಂದೆ, ಸಬ್‌ಟೈಟಲ್. ಕೋಡಿಗೆ ಸಿಇಸಿ ಬರುವುದರಿಂದ ಎಚ್‌ಡಿಎಂಐ ಕೇಬಲ್ ಮೂಲಕವೇ ಟಿವಿಯೂ ಎದ್ದು ಕೂರುತ್ತದೆ. ಮೊದಮೊದಲು ನಕ್ಕಿದ್ದ ಒಬ್ಬ ಇದನ್ನು ನೋಡಿ "ಎಲ್ಲಿ, ಇನ್ನೊಂದ್ಸಲ ಮಾಡು" ಅಂತ ಮೂರು ಸಲ ಮಾಡಿಸಿದ. ಆವತ್ತು ಊಟ ಜಾಸ್ತಿ ಸೇರಿತು ಅನ್ನಿ.

ಉಳಿದದ್ದು ಆಂಪ್ಲಿಫೈಯರ್. ಅದಕ್ಕೆ ಇನ್‌ಫ್ರಾರೆಡ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಪೈ ಪಿನ್ನಿಗೆ ನೇರ ಎಲ್‌ಇಡಿ ಕೊಟ್ಟರೆ ಸಿಗುವುದು ಹೆಚ್ಚೆಂದರೆ 16 ಮಿಲಿಆಂಪಿಯರ್, ಒಂದು ಮಾರು ದೂರಕ್ಕೂ ಹೋಗಲಿಲ್ಲ. 2ಎನ್2222 ಟ್ರಾನ್ಸಿಸ್ಟರ್ ಹಾಕಿ 940 ನ್ಯಾನೋಮೀಟರಿನ ಎರಡು ಎಲ್‌ಇಡಿಗೆ ನೂರು ಮಿಲಿಆಂಪಿಯರ್ ಪಲ್ಸ್ ಕೊಟ್ಟ ಮೇಲೆ ಹಾಲಿನ ಆ ತುದಿಯಿಂದಲೂ ಹಿಡಿಯುತ್ತದೆ. ಎರಡನ್ನೂ ಸ್ವಲ್ಪ ಆಚೀಚೆ ಬಾಗಿಸಿಡಿ. ಹಳೇ ರಿಮೋಟಿನ ಕೋಡ್ ಕಲಿಯಲು ಟಿಎಸ್‌ಒಪಿ ರಿಸೀವರ್ ಸಾಕು. ಒಂಬತ್ತು ಮಿಲಿಸೆಕೆಂಡಿನ ಉದ್ದ ಪಲ್ಸ್, ಆಮೇಲೆ ನಾಲ್ಕೂವರೆ ಮಿಲಿಸೆಕೆಂಡ್ ಬಿಡುವು ಕಂಡರೆ ಎನ್‌ಇಸಿ ಬಗೆಯ ಕೋಡ್ ಅಂತ ಹಿಡಿದುಕೊಳ್ಳಿ, 38 ಕಿಲೋಹರ್ಟ್ಸ್. ಆರ್‌ಸಿ5 ಆದರೆ 36.

ದಾರಿ ತಪ್ಪಿ ಹೋದ ಒಂದೆರಡು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಬ್ಯಾಟರಿ ಉಳಿಯಲಿ ಅಂತ ಇ-ಇಂಕ್ ಪರದೆ ಹಾಕಿ ನೋಡಿದೆ. ಬಿಸಿಲಿನಲ್ಲಿ ಚೆಂದ, ಕಣ್ಣಿಗೆ ಹಿತ. ಆದರೆ ಪೂರ್ತಿ ರಿಫ್ರೆಶ್‌ಗೆ ನಾಲ್ಕೈದು ಸೆಕೆಂಡ್. ಸ್ಕ್ರಾಲ್ ಮಾಡಿ ಕಾಯುತ್ತಾ ಕೂತರೆ ಯಾಕೆ ಸ್ಕ್ರಾಲ್ ಮಾಡಿದ್ದು ಅನ್ನೋದೇ ಮರೆತುಹೋಗುತ್ತದೆ. ಎಂಪಿಯು6050 ಅನ್ನುವ ಚಲನೆಯ ಸೆನ್ಸರ್ ಹಾಕಿ ಇಡೀ ಸಾಧನವನ್ನೇ ಗಾಳಿಯಲ್ಲಿ ಅಲ್ಲಾಡಿಸುವ ಮೌಸ್ ಮಾಡಲು ಹೋದೆ. ಮೇಲೆ ಕೆಳಗೆ ಸರಿಯಾಗಿತ್ತು. ಎಡಬಲ ಮಾತ್ರ ಕರ್ಸರ್ ತಾನಾಗಿ ಜಾರುತ್ತಿತ್ತು. ಅದರಲ್ಲಿ ದಿಕ್ಸೂಚಿ ಇಲ್ಲ, ಎಡಬಲದ ಲೆಕ್ಕ ಕೂಡುತ್ತಾ ಕೂಡುತ್ತಾ ತಪ್ಪುತ್ತದೆ. ಆ ಸೆನ್ಸರನ್ನು ಮಾತ್ರ ಕಿತ್ತುಹಾಕಲಿಲ್ಲ. ಮೇಲೆ ಹೇಳದೆ ಬಿಟ್ಟ ಗುಟ್ಟಿಗೂ ಅದಕ್ಕೂ ಸಂಬಂಧ ಇದೆ, ಅಷ್ಟು ಸಾಕು.

ಖರ್ಚು ಎಷ್ಟಾಯಿತು ಅಂತ ಎಲ್ಲರೂ ಕೇಳುತ್ತಾರೆ. ಈಗ ಒಳಗಿರುವ ಭಾಗಗಳ ಬೆಲೆ ಒಂದು ಸಾಧಾರಣ ಹೊಸ ಟ್ಯಾಬ್ಲೆಟ್‌ನ ಮುಕ್ಕಾಲು ಪಾಲು. ಸುಟ್ಟ ಬೋರ್ಡ್, ಇ-ಇಂಕ್ ಪರದೆ, ಕೆಟ್ಟ ಕಾರ್ಡುಗಳು, ಬೂಸ್ಟ್ ಮಾಡ್ಯೂಲುಗಳ ರಾಶಿ ಎಲ್ಲ ಕೂಡಿಸಿದರೆ ಒಂದೂವರೆ ಟ್ಯಾಬ್ಲೆಟ್ ದಾಟುತ್ತದೆ. ಇ-ಇಂಕ್ ಪರದೆಯನ್ನು ಅರ್ಧ ಬೆಲೆಗೆ ಮಾರಿದೆ. ಆದರೆ ಟ್ಯಾಬ್ಲೆಟ್ ಸೆಲ್ ಊದಿಕೊಂಡರೆ ಕೇಸ್ ಒಡೆದು ಬಿಚ್ಚಬೇಕು. ನನ್ನದರಲ್ಲಿ ನಾಲ್ಕು ಸ್ಕ್ರೂ ತೆಗೆದರೆ ಸೆಲ್ ಕೈಗೆ ಬರುತ್ತದೆ. ನೀವು ಮಾಡುವುದಾದರೆ ಹಣವನ್ನು ಮೊದಲು ಬೂಸ್ಟ್ ಬೋರ್ಡಿಗೆ, ಆಮೇಲೆ ಒಳ್ಳೆ ಸೆಲ್ಲಿಗೆ ಹಾಕಿ. ಸ್ಕ್ರೀನ್ ಪೈ ಮೇಲಿನ ಡಿಎಸ್‌ಐ ಕನೆಕ್ಟರಿಗೆ ಕೂರುವಂಥದೇ ಇರಲಿ. ಎಚ್‌ಡಿಎಂಐ ಸ್ಕ್ರೀನಿನ ರಿಬ್ಬನ್ ಜೊತೆ ಕೇಸಿನೊಳಗೆ ಗುದ್ದಾಡಿದವನು ಮತ್ತೆ ಅದನ್ನು ಮುಟ್ಟುವುದಿಲ್ಲ.

ಕೇಸಿನ ಡ್ರಾಯಿಂಗ್ ಕೇಳಿದವರಿಗೆ: ಸದ್ಯ ಕೊಡುವುದಿಲ್ಲ. 55×40 ಮಿಲಿಮೀಟರಿನ ಕಂಪ್ಯೂಟ್ ಮಾಡ್ಯೂಲ್ 4, ಅಂದರೆ ಪೈ 4ರದೇ ಚಿಕ್ಕ ರೂಪ, ತಂದಿಟ್ಟಿದ್ದೇನೆ, ಅದರಲ್ಲಿ ಕತ್ತರಿಸಲು ಡಬ್ಬಿಗಳೇ ಇಲ್ಲ. ದಪ್ಪ ಅರ್ಧಕ್ಕೆ ಇಳಿಯಬೇಕು. ಇಳಿದರೆ ಆ ಡ್ರಾಯಿಂಗೇ ಕೊಡುತ್ತೇನೆ.