ಮೈಕ್ ಆರಿದ ಮೇಲೆ ಸಿಕ್ಕ ಭಜನಾ ಮೇಳಗಳು: ನನ್ನ ಅನುಭವ

ಬೇಸಿಗೆಯ ಜಾತ್ರೆಗಳಲ್ಲಿ ಹೊಸ ಭಜನಾ ಮೇಳಗಳನ್ನು ಹುಡುಕುವವರು ಮೈಕ್ ಆರಿದ ಮೇಲೆಯೇ ಕೇಳಬೇಕು ಎಂದು ನಾನು ಹೇಳುತ್ತ ಬಂದು ಏಳೆಂಟು ವರ್ಷಗಳಾಗಿರಬೇಕು. ಅಣ್ಣಿಗೇರಿ ಸೀಮೆಯ ನಮ್ಮ ಊರಿನ ಜಾತ್ರಾ ಕಮಿಟಿಯವರು ಈ ಮಾತನ್ನು ಬಹಳ ದಿನ ಕಿವಿಗೆ ಹಾಕಿಕೊಳ್ಳಲಿಲ್ಲ. "ಮೈಕಿಲ್ಲದ ಭಜನಿಗೆ ಮಂದಿ ಎಲ್ಲಿಂದ ಬರಬೇಕ್ರೀ ಅಣ್ಣಾರ?" ಎಂಬುದೇ ಪ್ರತಿ ವರ್ಷದ ಉತ್ತರವಾಗಿತ್ತು. ಕಳೆದ ಆಗಿ ಹುಣ್ಣಿಮೆಯ, ಅಂದರೆ ವೈಶಾಖದ ಹುಣ್ಣಿಮೆಯ, ರಾತ್ರಿ ನಮ್ಮ ಭಾಗದಲ್ಲಿ ಯಾರೂ ಹೆಸರು ಕೇಳಿರದ ನಾಲ್ಕು ಮೇಳಗಳನ್ನು ಸಮುದಾಯ ಭವನದಲ್ಲಿ ಮೈಕಿಲ್ಲದೆ ಹಾಡಿಸಿದೆವು. ನಸುಕಿನ ಮಂಗಳಾರತಿಯ ಹೊತ್ತಿಗೂ ಹೆಚ್ಚೂಕಡಿಮೆ ಇನ್ನೂರು ಜನ ಎದ್ದು ಹೋಗದೆ ಕುಳಿತಿದ್ದರು. ಆ ಮೇಳಗಳು ಹೇಗೆ ಸಿಕ್ಕವು, ಖರ್ಚು ಎಷ್ಟಾಯಿತು ಎಂದು ಸುತ್ತಲಿನ ಕಮಿಟಿಗಳವರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳ ಮಾತು. ಭಜನಾ ಸ್ಪರ್ಧೆಗಳಲ್ಲಿ ಮೊದಲ ಬಹುಮಾನ ಪಡೆದ ಮೇಳವನ್ನು ಕರೆಸಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಇದೆ. ಹಾಗೆಯೇ ಒಂದು ವರ್ಷ ಸುಮಾರು 12,000 ರೂಪಾಯಿ ಬಿದಾಗಿ (ಸಂಭಾವನೆ) ಮಾತಾಡಿ, ವಾಹನದ ಖರ್ಚು ಬೇರೆ ಕೊಟ್ಟು ಒಂದು ಮೇಳವನ್ನು ಕರೆಸಿದೆವು. ಸ್ಪರ್ಧೆಯಲ್ಲಿ ಒಂದು ಮೇಳಕ್ಕೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಆ ಹೊತ್ತಿಗೆಂದೇ ಎರಡು ಪದಗಳನ್ನು ತಿಂಗಳುಗಟ್ಟಲೆ ತೀಡಿ ತಂದಿರುತ್ತಾರೆ. ಅಹೋರಾತ್ರಿ ಹಾಡಬೇಕಾದಾಗ ಹನ್ನೊಂದು ಗಂಟೆಗೇ ಸರಕು ಮುಗಿದು ಸಿನಿಮಾ ಮಟ್ಟುಗಳಿಗೆ ಇಳಿದರು. ಮತ್ತೊಂದು ವರ್ಷ ಹೆಸರುವಾಸಿ ಗಾಯಕರೊಬ್ಬರಿಗೆ 40,000ದ ಹತ್ತಿರ ಹೋಯಿತು. ಅವರು ಹಾಡಿದ್ದು ಒಂದೂವರೆ ತಾಸು, ಅದರಲ್ಲಿ ಅರ್ಧದಷ್ಟು ಹೊತ್ತು ಆಯಾರ (ಮೆಚ್ಚಿ ಕೊಡುವ ಕಾಣಿಕೆ) ಮಾಡಿದವರ ಹೆಸರುಗಳನ್ನು ಮೈಕಿನಲ್ಲಿ ಕೂಗುವುದಕ್ಕೇ ಸಂದಿತು. ಮೊಬೈಲಿನ ವಿಡಿಯೋಗಳನ್ನು ನೋಡಿ ಆರಿಸುವುದೂ ನಡೆಯಲಿಲ್ಲ, ಏಕೆಂದರೆ ಎಕೋ ಹಾಕಿ ಹೊರಡಿಸಿದ ದನಿಯಲ್ಲಿ ಹಾಡುಗಾರನ ಶ್ರುತಿ ಎಲ್ಲಿ ನಿಂತಿದೆ, ಎಲ್ಲಿ ಜಾರಿದೆ ಎಂಬುದು ತಿಳಿಯುವುದೇ ಇಲ್ಲ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದೆಂಬ 2000ದ ಶಬ್ದಮಾಲಿನ್ಯ ನಿಯಮವನ್ನು ಜಾತ್ರೆಯವರೆಲ್ಲ ಶಾಪವೆಂದೇ ತಿಳಿದಿದ್ದಾರೆ. ಹಬ್ಬದ ದಿನಗಳಿಗೆ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಹನ್ನೆರಡರ ತನಕ ಸಡಿಲಿಸಬಹುದೆಂದಿದ್ದರೂ ಸಣ್ಣ ಊರಿನ ಜಾತ್ರೆಗೆ ಆ ಸಡಿಲಿಕೆಯನ್ನು ನೆಚ್ಚಿಕೊಳ್ಳಲಾಗದು. ಆದರೆ ನನಗೆ ದಾರಿ ತೋರಿಸಿದ್ದು ಆ ನಿಯಮವೇ. ಹತ್ತಕ್ಕೆ ಪೊಲೀಸರು ಬಂದು ಮೈಕ್ ಬಂದ್ ಮಾಡಿಸಿದ ಕೂಡಲೇ ದೊಡ್ಡ ಹೆಸರಿನವರು ಗಾಡಿ ಹತ್ತುತ್ತಾರೆ. ಪಾಳಿಗಾಗಿ ಸಂಜೆಯಿಂದ ಕಾದು ಕುಳಿತ ಹಳ್ಳಿಯ ಮೇಳಗಳವರು ಪೇಟಿ (ಹಾರ್ಮೋನಿಯಂ), ತಬಲಾ ಎತ್ತಿಕೊಂಡು ಮಠದ ಒಳಗೋ ಭವನದ ಒಳಗೋ ಸೇರಿ, ಒಪ್ಪಿಕೊಂಡ ಸೇವೆಯನ್ನು ಅಲ್ಲಿಯೇ ಪೂರೈಸುತ್ತಾರೆ. ನಾನು ಕೇಳಲು ಹೋಗುವುದು ಆಗ.

ಶಿಗ್ಗಾವಿ ಕಡೆಯ ಒಂದು ಮಠದಲ್ಲಿ ಕಂಡದ್ದನ್ನು ಹೇಳುತ್ತೇನೆ. ರಾತ್ರಿ ಮೂರರ ಸುಮಾರು, ತಂಪು ಇಳಿಯುವ ಹೊತ್ತು. ಹಗಲಿನ ಒಣ ಬಿಸಿಲಿಗೆ ಬಿಗಿದು ಏರಿದ್ದ ತಬಲಾದ ಚರ್ಮ ಆಗ ಸಡಿಲಾಗಿ ದನಿ ಇಳಿಯತೊಡಗುತ್ತದೆ. ಸಾಮಾನ್ಯ ಮೇಳದಲ್ಲಿ ತಬಲಾದವನು ಹಾಗೆಯೇ ಜೋರಾಗಿ ಬಾರಿಸುತ್ತ ಹೋಗುತ್ತಾನೆ. ಈ ಮೇಳದ ಹುಡುಗ ಎರಡು ನುಡಿಗಳ ನಡುವೆ ಸುತ್ತಿಗೆ ತೆಗೆದುಕೊಂಡು ತಬಲಾದ ಬಾರುಗಳಿಗೆ ಸಿಕ್ಕಿಸಿದ ಮರದ ಗಟ್ಟಾಗಳನ್ನು ಒಂದೊಂದೇ ಪೆಟ್ಟಿನಿಂದ ಇಳಿಸಿ, ಚರ್ಮವನ್ನು ಬಿಗಿಸುತ್ತ ಶ್ರುತಿಗೆ ಕೂಡಿಸುತ್ತಿದ್ದ. ಅಷ್ಟೂ ಹೊತ್ತು ದಮ್ಮಡಿ ಎಂಬ ಕೈವಾದ್ಯ ಬಾರಿಸುವವನು ಒಬ್ಬನೇ ಲಯವನ್ನು ಹಿಡಿದು ನಿಲ್ಲಿಸಿಕೊಂಡಿದ್ದ. ಹಾಡುಗಾರ ಕಣ್ಣು ತೆರೆಯಲಿಲ್ಲ, ಪೇಟಿ ಮಾಸ್ತರರು ಸ್ವರದಿಂದ ಬೆರಳು ಎತ್ತಲಿಲ್ಲ. ಆ ಮೇಳದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಹೇಳದೆಯೇ ಹೊತ್ತುಕೊಳ್ಳುತ್ತಾರೆ ಎಂಬುದು ಅರ್ಧ ನಿಮಿಷದಲ್ಲಿ ಖಾತ್ರಿಯಾಯಿತು. ಮೈಕ್ ಇದ್ದಿದ್ದರೆ ಆ ಹುಡುಗ ಸುತ್ತಿಗೆ ಮುಟ್ಟುತ್ತಿರಲಿಲ್ಲ, ನನಗೂ ಅದು ಕಾಣುತ್ತಿರಲಿಲ್ಲ.

ಪದಗಳ ಮಾತೂ ಹಾಗೆಯೇ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು, ಅವರ ತತ್ವಪದಗಳು ಬಹುಕಾಲ ಬಾಯಿಂದ ಬಾಯಿಗೆ ಬಂದವು. ಆದ್ದರಿಂದ ಒಂದೊಂದು ಊರಿನಲ್ಲಿ ಒಂದೊಂದು ಪಾಠ, ಒಂದೊಂದು ಮಟ್ಟು ಉಳಿದಿದೆ. ಕ್ಯಾಸೆಟ್ಟಿನ ಮಟ್ಟನ್ನೇ ಹಾಡುವ ಮೇಳವನ್ನು ನಾನು ಎರಡನೆಯ ಸಲ ಕೇಳಲು ಹೋಗುವುದಿಲ್ಲ. ತಮ್ಮ ಊರಿನ ಹಿರಿಯರಿಂದ ಬಂದ ಮಟ್ಟಿನಲ್ಲಿ ಹಾಡುವವರು, ಸಿದ್ಧಾರೂಢರ ಪರಂಪರೆಯಿಂದಾಗಿ ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯ ಪದಗಳನ್ನು ಪುಸ್ತಕ ನೋಡದೆ ಹೇಳುವವರು ಸಿಕ್ಕರೆ ಬೆಳಗಿನ ತನಕ ಅಲ್ಲಿಂದ ಏಳುವುದಿಲ್ಲ.

ಇಂಥ ಮೇಳಗಳ ಸುಳಿವು ಕೊಡುವವರು ಯಾರೆಂದರೆ ಮೈಕ್‌ಸೆಟ್ಟಿನವರು. ಚೈತ್ರದ ದವನದ ಹುಣ್ಣಿಮೆಯಿಂದ ಜ್ಯೇಷ್ಠದ ಕಾರ ಹುಣ್ಣಿಮೆಯ ತನಕ ಅವರು ದಿನಕ್ಕೊಂದು ಊರಿನಲ್ಲಿರುತ್ತಾರೆ, ಯಾವ ಮೇಳ ಹೇಗೆ ಎಂಬುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲರು. ನಾನು ಜಾತ್ರೆಗೆ ಹೋದ ಕೂಡಲೇ ಮೊದಲು ಆಂಪ್ಲಿಫೈಯರಿನ ಹತ್ತಿರ ಕುಳಿತು, ಒಂದು ಚಹಾ ಕುಡಿಸಿ, ಮಾತಿಗೆಳೆಯುತ್ತೇನೆ. "ಚಲೋ ಮೇಳ ಯಾವುದು?" ಎಂದು ಕೇಳಿದರೆ ಅವರು ಹೆಸರಾದ ಮೇಳಗಳನ್ನೇ ಹೇಳುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಮೂರು ನಾಲ್ಕು ಬೇಸಿಗೆಗಳು ಹಿಡಿದಿವೆ.

ನನ್ನದು ಬೀಜ ಗೊಬ್ಬರದ ಅಂಗಡಿ. ಮುಂಗಾರಿನ ತನಕ ಗಿರಾಕಿ ಕಡಿಮೆಯಿರುವುದರಿಂದ ಬೇಸಿಗೆಯಲ್ಲಿ ತಿರುಗಾಟ ಸಾಧ್ಯವಾಗುತ್ತದೆ. ದವನದ ಹುಣ್ಣಿಮೆಗೆ ಗದಗಿನ ತೋಂಟದಾರ್ಯ ಜಾತ್ರೆಯಿಂದ ಹೊರಟು, ಬಸವ ಜಯಂತಿಯ ಮುಂದೆ ಹಿಂದೆ ಕುಂದಗೋಳ, ಶಿರಹಟ್ಟಿ, ಸವಣೂರ ಕಡೆಯ ಹಳ್ಳಿಗಳನ್ನು ಮುಗಿಸಿ, ಬೇಸಿಗೆಯ ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬರುತ್ತೇನೆ. 1944ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರಿ ಗವಾಯಿಗಳ ಪುಣ್ಯಸ್ಮರಣೆ ಅಲ್ಲಿ ಆಗ ನಡೆಯುತ್ತದೆ, ಆಶ್ರಮದಲ್ಲಿ ಕಲಿತವರು ಊರೂರಿನಿಂದ ಬಂದು ಹಾಡುತ್ತಾರೆ, ನುಡಿಸುತ್ತಾರೆ. ಹಳ್ಳಿಯ ಮೇಳವೊಂದರಲ್ಲಿ ಪೇಟಿಯ ಕೈ ಬೇರೆಯಾಗಿ ಕೇಳಿಸಿದರೆ, ವಿಚಾರಿಸಿದಾಗ ಆ ಮಾಸ್ತರರು ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಆಶ್ರಮದಲ್ಲಿದ್ದವರು ಎಂದು ತಿಳಿದುಬಂದದ್ದು ಒಂದೆರಡು ಸಲವಲ್ಲ. ತಿರುಗಾಟಕ್ಕೆ ಬೇಸಿಗೆಯೊಂದಕ್ಕೆ 6,000ದಿಂದ 7,000 ರೂಪಾಯಿ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಕೊನೆಯ ಬಸ್ ತಪ್ಪಿದ ರಾತ್ರಿಗಳ ಬಾಡಿಗೆ ಗಾಡಿಗೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸುಮಾರು 5,000 ರೂಪಾಯಿಯ ರೆಕಾರ್ಡರನ್ನು ಹಾಡುಗಾರನ ಮುಂದಿಟ್ಟಾಗ ದಮ್ಮಡಿಯ ಪೆಟ್ಟಿಗೆ ದನಿ ಒಡೆದು ಉಳಿದದ್ದೆಲ್ಲ ಕೆಟ್ಟಿತು. ಹಿಮ್ಮೇಳದ ಬೆನ್ನ ಹಿಂದೆ, ಐದಾರು ಮೊಳ ದೂರದಲ್ಲಿ, ಆಳೆತ್ತರದಲ್ಲಿ ತೂಗು ಹಾಕಿದಾಗ ಎಲ್ಲವೂ ಹದವಾಗಿ ಬಂತು. ಪ್ಲಾಸ್ಟಿಕ್ ಹೊದಿಕೆಯ ದಮ್ಮಡಿ ಇಡೀ ರಾತ್ರಿ ಶ್ರುತಿ ಬಿಡುವುದಿಲ್ಲವೆಂಬುದು ನಿಜ, ಆದರೆ ಮುಚ್ಚಿದ ಭವನದಲ್ಲಿ ಅದರ ಸದ್ದು ಕಿವಿಗೆ ಚುಚ್ಚುತ್ತದೆ. ಚರ್ಮದ್ದನ್ನೇ ತರಲು ಹೇಳಿ, ಕಾಯಿಸಿಕೊಳ್ಳಲು ಒಂದು ಬುಟ್ಟಿ ಕೆಂಡದ ವ್ಯವಸ್ಥೆ ಮಾಡುವುದು ಲೇಸು. ಕರಡಿ ಎಂಬ ಚರ್ಮವಾದ್ಯವನ್ನೂ ಊದುವ ಸನಾದಿಯನ್ನೂ ಕೂಡಿಸಿ ನುಡಿಸುವ ಕರಡಿ ಮಜಲಿನವರನ್ನು ಒಮ್ಮೆ ಭವನದೊಳಗೆ ಬಾರಿಸಲು ಕೂರಿಸಿದೆವು. ಕರಡಿಯ ಸದ್ದಿನಲ್ಲಿ ಸನಾದಿ ಪೂರ್ತಿ ಮುಳುಗಿಹೋಯಿತು. ಅದು ಬಯಲಿನ ವಾದ್ಯ, ಹತ್ತು ಗಂಟೆಯ ಒಳಗೆ ತೇರಿನ ಮುಂದೆಯೇ ಅದಕ್ಕೆ ಕಳೆ.

ಕಳೆದ ಬೇಸಿಗೆಯ ರಾತ್ರಿಯ ಲೆಕ್ಕ ನೆನಪಿದ್ದಷ್ಟು ಹೀಗಿದೆ. ನಾಲ್ಕು ಮೇಳಗಳಿಗೆ ತಲಾ 3,500ರಂತೆ ಬಿದಾಗಿ, ಎರಡು ಟೆಂಪೋಗಳಿಗೆ 5,000ದಷ್ಟು, ಗೋಧಿ ಹುಗ್ಗಿ ಅನ್ನ ಸಾರಿನ ಊಟಕ್ಕೂ ರಾತ್ರಿಯ ಚಹಾಕ್ಕೂ 7,000, ಹತ್ತರ ತನಕದ ಮೈಕ್‌ಸೆಟ್ಟಿಗೆ 2,000. ಒಟ್ಟು 28,000 ದಾಟಲಿಲ್ಲ. ಗಾಯಕರನ್ನು ಕರೆಸಿದ ವರ್ಷ ಪೆಂಡಾಲು, ಲೈಟು ಎಲ್ಲ ಸೇರಿ 75,000ದ ಪಟ್ಟಿ (ಚಂದಾ) ಎತ್ತಿದ್ದೆವು, ಅದೂ ಸಾಲದೆ ಬಂದಿತ್ತು. ಆಯಾರವನ್ನು ಹಾಡಿನ ನಡುವೆ ಕೊಡಬಾರದು, ಬಾಗಿಲಲ್ಲಿಟ್ಟ ಹುಂಡಿಗೆ ಹಾಕಬೇಕು ಎಂದು ಕಟ್ಟುನಿಟ್ಟು ಮಾಡಿದ್ದರಿಂದ 9,000 ಕೂಡಿತು, ಅದನ್ನು ಮೇಳಗಳಿಗೇ ಸಮನಾಗಿ ಹಂಚಿದೆವು.

ಕೂರಿಸುವ ಬಗೆಯನ್ನೂ ಬದಲಿಸಿದ್ದೆ. ಭವನದ ವೇದಿಕೆಯನ್ನು ಖಾಲಿ ಬಿಟ್ಟು, ನಟ್ಟನಡುವೆ ಜಮಖಾನ ಹಾಸಿ ಮೇಳದವರನ್ನು ಕೂರಿಸಿ, ಜನರಿಗೆ ಸುತ್ತಲೂ ಜಾಗ ಮಾಡಿದ್ದರಿಂದ ಹಿಂದಿನ ಸಾಲು ಎಂಬುದೇ ಇರಲಿಲ್ಲ. ಫ್ಯಾನ್ ಬಂದ್ ಮಾಡಿಸಿದಾಗ ಕಮಿಟಿಯವರು ಸಿಟ್ಟಾದರು. ವೈಶಾಖದ ಸೆಕೆಯಲ್ಲಿ ಜನ ತಡೆಯಲಾರರೆಂಬುದು ಅವರ ವಾದ. ಆದರೆ ಹಳೆಯ ಫ್ಯಾನುಗಳ ಗರಗರ ನಿಂತ ಕೂಡಲೇ ಏಕತಾರಿಯ ತಂತಿ ಗೋಡೆಯ ತನಕ ಕೇಳಿಸಿತು, ಮಾತಾಡುತ್ತಿದ್ದ ಜನ ತಾವಾಗಿಯೇ ಸುಮ್ಮನಾದರು. ಮೇಳ ಬದಲಾಗುವ ಹತ್ತು ನಿಮಿಷ ಮಾತ್ರ ಫ್ಯಾನ್ ಹಚ್ಚುತ್ತಿದ್ದೆವು. ಮೇಳಗಳ ಪಾಳಿಯನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದರಲ್ಲಿಯೂ ಒಂದು ಗುಟ್ಟಿದೆ; ಅತ್ಯುತ್ತಮ ಮೇಳವನ್ನು ಕೊನೆಗೆ ಇಡಬಾರದು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಆ ನಾಲ್ಕರಲ್ಲಿ ಎರಡು ಮೇಳಗಳಿಗೆ ಈಗ ಹಾವೇರಿ, ಹುಬ್ಬಳ್ಳಿ ಕಡೆಯಿಂದ ಕರೆ ಬರುತ್ತಿದೆ, ಶಿಗ್ಗಾವಿ ಕಡೆಯವರು ಬಿದಾಗಿಯನ್ನು 6,000ಕ್ಕೆ ಏರಿಸಿದ್ದಾರೆ. ಕೆಲವರು ಇದಕ್ಕೆ ನನ್ನನ್ನೇ ದೂರುತ್ತಾರೆ, ಆದರೆ ಅವರ ಹಾಡಿಕೆಗೆ ಅದು ಹೆಚ್ಚೇನೂ ಅಲ್ಲ. ಮುಂದಿನ ಆಗಿ ಹುಣ್ಣಿಮೆಗೆ ಕಮಿಟಿಯವರು ತಾವಾಗಿಯೇ ಮೈಕಿಲ್ಲದ ರಾತ್ರಿಯನ್ನು ಕರಪತ್ರದಲ್ಲಿ ಹಾಕಿಸುತ್ತೇವೆ ಎಂದಿದ್ದಾರೆ. ಶಿರಹಟ್ಟಿ ಕಡೆಯ ಹೆಣ್ಣುಮಕ್ಕಳ ಮೇಳವೊಂದಕ್ಕೆ ಮುಂಗಡವಾಗಿ 1,000 ಕೊಟ್ಟು ಬಂದಿದ್ದೇನೆ. ಅವರ ಶ್ರುತಿ ನಮ್ಮ ಪೇಟಿ ಮಾಸ್ತರರಿಗೆ ಹೊಂದುತ್ತದೆಯೋ ಇಲ್ಲವೋ ಎಂದು ದವನದ ಹುಣ್ಣಿಮೆಗೆ ಮೊದಲೇ ಒಮ್ಮೆ ಕೂರಿಸಿ ನೋಡಬೇಕಾಗಿದೆ.